ಬ್ರೇಕ್ ಒತ್ತಿದಾಗ ಮುಂದಿನ ಚಕ್ರದಿಂದ ಕೀರಲು ಸದ್ದು. ಪ್ಯಾಡ್ ಸವೆದಿದೆಯಾ, ನೋಡೋದು ಹೇಗೆ?

ಟೀಚರಮ್ಮ ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಸೀಟಿನ ಸಣ್ಣ ಪೆಟ್ರೋಲ್ ಕಾರು, 2018ರ ಗಾಡಿ. ಓಡಿರುವುದು 46 ಸಾವಿರ ಕಿಲೋಮೀಟರ್. ದಿನಾ ಜೇವರ್ಗಿ ರಸ್ತೆ ಕಡೆಯಿಂದ ಶಾಲೆಗೆ, ಹುಣ್ಣಿಮೆ ಬಂದರೆ ಅತ್ತೆ ಮಾವನನ್ನು ಕೂರಿಸಿಕೊಂಡು ಗಾಣಗಾಪುರಕ್ಕೆ.

ಈಗ ಸ್ವಲ್ಪ ದಿನದಿಂದ ಬ್ರೇಕ್ ಮೆಲ್ಲಗೆ ಒತ್ತಿದರೆ ಎಡಗಡೆ ಮುಂದಿನ ಚಕ್ರದಿಂದ 'ಕೀಂ' ಅಂತ ಸಣ್ಣ ಸದ್ದು ಬರುತ್ತಿದೆ. ರಿಂಗ್ ರೋಡಿನ ಒಂದು ಗ್ಯಾರೇಜಿಗೆ ಹೋದೆ. ಚಕ್ರ ಬಿಚ್ಚಲೇ ಇಲ್ಲ. "ಮೇಡಂ, ಪ್ಯಾಡ್, ಎರಡೂ ಡಿಸ್ಕ್, ಹಿಂದಿನ ಲೈನರ್, ಎಲ್ಲಾ ಹಾಕಿಸಿಬಿಡಿ" ಅಂದರು. ಲೈನರ್ ಅಂದರೆ ಹಿಂದಿನ ಚಕ್ರದ ಡ್ರಮ್ ಬ್ರೇಕಿನಲ್ಲಿ ಉಜ್ಜೋ ಪಟ್ಟಿಯಂತೆ. ಮನೆಗೆ ಬಂದು ಚಕ್ರದ ಸಂದಿಯಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಪ್ಯಾಡ್ ದಪ್ಪಗೇ ಇದೆ! ಹಾಗಾದರೆ ಸದ್ದು ಎಲ್ಲಿಂದ? ಹೆಂಗಸು ಬಂದಿದ್ದಾಳೆ ಅಂತ ಬಿಲ್ ಬೆಳೆಸುತ್ತಿದ್ದಾರಾ? ತಿಳಿದವರು ಹೇಳಿ.

ಎರೆಹೊಲ

ಅಕ್ಕಾ, ನಮ್ಮ ಊರಿನ ಧೂಳಿಗೆ ಎಲ್ಲಾ ಗಾಡಿನೂ ಕಿರುಚುತ್ತವೆ. ತುಕ್ಕು ಬಿಡಿಸೋ ಸ್ಪ್ರೇ ಸಿಗುತ್ತಲ್ಲ, ಅದನ್ನು ಡಿಸ್ಕಿಗೆ ಒಂದು ಸಲ ಹೊಡೀರಿ. ಸದ್ದು ನಿಲ್ಲುತ್ತದೆ.

ಡ್ರೈವರ್ ಕಾಕಾ

ಏ ತಮ್ಮಾ, ಸದ್ದಿನ ಜೊತೆ ಗಾಡಿ ನಿಲ್ಲೋದೂ ನಿಂತು ಹೋಗುತ್ತದೆ! ಆ ಸ್ಪ್ರೇಯಲ್ಲಿ ಎಣ್ಣೆ ಇರುತ್ತದೆ. ಚಕ್ರದ ಜೊತೆ ತಿರುಗೋ ಕಬ್ಬಿಣದ ತಟ್ಟೆ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯೋದು ಪ್ಯಾಡ್. ಬ್ರೇಕ್ ಕೆಲಸ ಮಾಡೋದೇ ಇವೆರಡರ ತಿಕ್ಕಾಟದಿಂದ. ಅಲ್ಲಿಗೆ ಎಣ್ಣೆ ಬಿದ್ದರೆ ಪ್ಯಾಡ್ ಜಾರುತ್ತದೆ, ಎಣ್ಣೆ ಕುಡಿದ ಪ್ಯಾಡ್ ಎಸೆಯಬೇಕಾಗುತ್ತದೆ. ತಂಗಿ, ದಯವಿಟ್ಟು ಇದನ್ನು ಮಾಡಬೇಡವಾ.

ಎರೆಹೊಲ

ಸರಿ ಕಾಕಾ. ಟ್ರ್ಯಾಕ್ಟರ್ ಚೈನಿಗೆ ಹೊಡೆದು ರೂಢಿ ನನಗೆ.

ಪಾನಾ 12

ಟೀಚರ್, ಗ್ಯಾರೇಜಿನವರು ಮೋಸ ಮಾಡಿದರು ಅಂತ ಈಗಲೇ ಹೇಳೋಕಾಗಲ್ಲ. ಚಕ್ರ ಬಿಚ್ಚದೆ ಡಿಸ್ಕ್ ಹೋಗಿದೆ ಅಂದಿದ್ದು ಮಾತ್ರ ಸರಿಯಲ್ಲ. ಮೊದಲು ಸದ್ದನ್ನು ವಿಂಗಡಿಸೋಣ.

ಬೆಳಿಗ್ಗೆ ಗಾಡಿ ತೆಗೆದ ಕೂಡಲೇ ಕರ್ರ್ ಅಂದು, ನಾಲ್ಕು ಸಲ ಬ್ರೇಕ್ ಹಾಕಿದ ಮೇಲೆ ನಿಂತರೆ ಅದು ಡಿಸ್ಕ್ ಮೇಲಿನ ತೆಳು ತುಕ್ಕು. ಮಳೆಗಾಲದಲ್ಲಿ, ಇಲ್ಲಾ ಗಾಡಿ ತೊಳೆದು ನಿಲ್ಲಿಸಿದ ಮರುದಿನ ಹೀಗಾಗುತ್ತದೆ. ತಲೆ ಕೆಡಿಸಿಕೊಳ್ಳಬೇಡಿ.

ಬ್ರೇಕ್ ಒತ್ತದೇ ಇದ್ದರೂ ಚಕ್ರ ತಿರುಗಿದಂತೆಲ್ಲಾ ಕಿವಿ ಕೊರೆಯೋ ಸದ್ದು ಬಂದರೆ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಶಹಾಬಾದ್, ಸೇಡಂ ಕಡೆ ಜಲ್ಲಿ ಬಿದ್ದ ರಸ್ತೆಯಲ್ಲಿ ಓಡಾಡುವವರಿಗೆ ಇದು ಜಾಸ್ತಿ. ಎಷ್ಟೋ ಸಲ ಗಾಡಿ ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಕಲ್ಲು ತಾನೇ ಉದುರುತ್ತದೆ.

ಬ್ರೇಕ್ ಮೆಲ್ಲಗೆ ಒತ್ತಿದಾಗ ಒಂದೇ ಸಮನೆ 'ಕೀಂ' ಅಂತ ಸಣ್ಣ ದನಿ, ದಿನವೂ ಬಂದರೆ ಪ್ಯಾಡ್ ಮೇಲೆ ಅನುಮಾನ. ಬಹಳಷ್ಟು ಪ್ಯಾಡುಗಳಿಗೆ ಒಂದು ಸಣ್ಣ ಉಕ್ಕಿನ ತಗಡು ಹಚ್ಚಿರುತ್ತಾರೆ. ಉಜ್ಜೋ ಭಾಗ 2–3 ಮಿಲಿಮೀಟರಿಗೆ ಇಳಿದಾಗ ಆ ತಗಡು ಡಿಸ್ಕಿಗೆ ತಾಗುತ್ತದೆ, ಕೂಗುತ್ತದೆ. ಬೇಕೂಂತಲೇ ಹಾಗೆ ಮಾಡಿರೋದು. ನಿಮ್ಮದು ಇದೇ ಇರಬಹುದು.

ಕೊನೆಯದು, ಗರಗರ ಅಂತ ಕಬ್ಬಿಣ ಕೆರೆಯೋ ಸದ್ದು. ಕಾಲಿಗೂ ಆ ಕೆರೆತ ಗೊತ್ತಾಗುತ್ತದೆ. ಅಲ್ಲಿಗೆ ಉಜ್ಜೋ ಭಾಗ ಮುಗಿದಿದೆ, ಹಿಂದಿನ ಉಕ್ಕಿನ ಪ್ಲೇಟೇ ಡಿಸ್ಕನ್ನು ತಿನ್ನುತ್ತಿದೆ ಅಂತ ಅರ್ಥ. ಆಗ ಓಡಿಸಬೇಡಿ. ಪ್ಯಾಡಿನ ದುಡ್ಡಲ್ಲಿ ಮುಗಿಯೋದು ಡಿಸ್ಕಿನ ದುಡ್ಡಿಗೆ ಹೋಗುತ್ತದೆ.

ಎರಡು ಪ್ರಶ್ನೆ. ಬ್ರೇಕ್ ಹಾಕಿದರೆ ಗಾಡಿ ಒಂದು ಕಡೆ ಎಳೆಯುತ್ತಾ? ಮೀಟರಿನಲ್ಲಿ ಹ್ಯಾಂಡ್ ಬ್ರೇಕಿನ ಕೆಂಪು ದೀಪ ಯಾವಾಗಲಾದರೂ ಮಿಣುಕುತ್ತಾ?

ಟೀಚರಮ್ಮ ಕಲಬುರಗಿ

ದೀಪ! ಹೌದ್ರೀ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ್ದರೂ ದೊಡ್ಡ ತಿರುವಿನಲ್ಲಿ ಒಂದು ಕ್ಷಣ ಹತ್ತಿ ಆರುತ್ತದೆ. ವಯರಿಂಗ್ ತೊಂದರೆ ಅಂದುಕೊಂಡಿದ್ದೆವು. ಎಳೆಯೋದು ಅಂದರೆ, ಸ್ವಲ್ಪ ಬಲಕ್ಕೆ ಹೋದ ಹಾಗೆ ಅನ್ನಿಸುತ್ತದೆ. ರಸ್ತೆನೇ ಹಾಗಿದೆಯೋ ಏನೋ.

ಸೇಡಂ ಸವಾರ

ಬ್ರೇಕ್ ಆಯಿಲ್ ಕಡಿಮೆ ಆಗಿದೆ ಅಷ್ಟೇ. ಬಾನೆಟ್ ತೆಗೆದು ಡಬ್ಬಿಗೆ ಆಯಿಲ್ ಹಾಕಿ. ದೀಪ ಆರುತ್ತದೆ. ಸುಮ್ನೆ ಇಷ್ಟುದ್ದ ಚರ್ಚೆ.

ಬಿದರಿ ಕುಸುರಿ

ಅಣ್ಣಾ, ಆಯಿಲ್ ಎಲ್ಲಿಗೆ ಹೋಯಿತು ಅಂತ ಕೇಳದೆ ಹಾಕಬಾರದು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯೋ ಹಿಡಿಕೆಗೆ ಕ್ಯಾಲಿಪರ್ ಅನ್ನುತ್ತಾರೆ. ಪ್ಯಾಡ್ ಸವೆದಂತೆ ಅದರೊಳಗಿನ ಪಿಸ್ಟನ್, ಅಂದರೆ ಪ್ಯಾಡನ್ನು ತಳ್ಳೋ ಉರುಳೆ, ಹೊರಗೆ ಬರುತ್ತದೆ. ಖಾಲಿಯಾದ ಆ ಜಾಗಕ್ಕೆ ಡಬ್ಬಿಯ ಆಯಿಲ್ ಇಳಿಯುತ್ತದೆ. ಅಂದರೆ ಸೋರಿಕೆ ಇಲ್ಲದೆಯೂ ಮಟ್ಟ ಕಡಿಮೆ ಆಗುತ್ತದೆ. ತಿರುವಿನಲ್ಲಿ ಆಯಿಲ್ ಒಂದು ಕಡೆ ಸರಿದಾಗ ಒಳಗಿನ ತೇಲುಬುರುಡೆ ಕೆಳಗಿಳಿದು ದೀಪ ಹತ್ತುತ್ತದೆ. ಈಗ ಮೇಲಿನ ಗೆರೆವರೆಗೆ ತುಂಬಿಸಿ, ನಾಳೆ ಹೊಸ ಪ್ಯಾಡ್ ಹಾಕೋಕೆ ಪಿಸ್ಟನ್ ಹಿಂದೆ ತಳ್ಳಿದರೆ ಅದೇ ಆಯಿಲ್ ಡಬ್ಬಿಯಿಂದ ಉಕ್ಕಿ ಪೇಂಟ್ ಮೇಲೆ ಬೀಳುತ್ತದೆ. ಬ್ರೇಕ್ ಆಯಿಲ್ ಪೇಂಟ್ ಕಿತ್ತು ಹಾಕುತ್ತದೆ, ಗೊತ್ತಲ್ವಾ.

ಹಾಗಂತ ದೀಪ ಬಿಟ್ಟುಬಿಡಿ ಅನ್ನುತ್ತಿಲ್ಲ. ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದರೆ ಅಥವಾ ಚಕ್ರದ ಒಳಗೋಡೆಯಲ್ಲಿ ಒದ್ದೆ ಕಂಡರೆ ಸೋರಿಕೆ ಇರಬಹುದು. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತಿದ್ದರಂತೂ ಗಾಡಿ ತೆಗೆಯಲೇ ಬೇಡಿ, ಎತ್ತಿಸಿಕೊಂಡು ಹೋಗಿ.

ಪಾನಾ 12

ಬಿದರಿಯವರು ಹೇಳಿದ್ದು ಸರಿ. ಟೀಚರ್ ಹೇಳಿದ ಮೂರನ್ನೂ ಜೋಡಿಸಿ ನೋಡಿ. ಎಡಗಡೆ ಕೀರಲು, ದೀಪ ಮಿಣುಕೋದು, ಬಲಕ್ಕೆ ಎಳೆಯೋದು. ಗಾಡಿ ಬಲಕ್ಕೆ ಎಳೆದರೆ ಎಡಗಡೆ ಬ್ರೇಕ್ ಕಡಿಮೆ ಹಿಡಿಯುತ್ತಿದೆ ಅಂತ ಲೆಕ್ಕ. ನನ್ನ ಅನುಮಾನ ಎಡ ಕ್ಯಾಲಿಪರಿನ ಪಿನ್ ಮೇಲೆ.

ನೀವು ಟಾರ್ಚ್ ಹಿಡಿದು ನೋಡಿದ್ದು ಹೊರಗಿನ ಪ್ಯಾಡ್. ಒಂದೊಂದು ಡಿಸ್ಕಿಗೂ ಎರಡು ಪ್ಯಾಡ್ ಇರುತ್ತವೆ, ಹೊರಗೊಂದು, ಒಳಗೊಂದು. ನಮ್ಮ ಸಣ್ಣ ಕಾರುಗಳಲ್ಲಿ ಪಿಸ್ಟನ್ ಇರೋದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ನೇರ ತಳ್ಳುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ಒತ್ತುತ್ತದೆ. ಈ ಪಿನ್ ಧೂಳು ಸೇರಿ, ಗ್ರೀಸ್ ಒಣಗಿ ಬಿಗಿಯಾದರೆ ಕ್ಯಾಲಿಪರ್ ಜಾರಲ್ಲ. ಕೆಲಸವೆಲ್ಲಾ ಒಳಗಿನ ಪ್ಯಾಡ್ ಮೇಲೆ ಬೀಳುತ್ತದೆ. ಒಳಗಿನದು ಮುಗಿದು ಹೋಗುತ್ತದೆ, ಹೊರಗಿನದು ಹೊಸದರಂತೆ ಕೂತಿರುತ್ತದೆ. ಕೂಗೋ ತಗಡು ಬಹಳಷ್ಟು ಗಾಡಿಯಲ್ಲಿ ಒಳಗಿನ ಪ್ಯಾಡಿಗೇ ಇರುತ್ತದೆ.

ಅದಕ್ಕೇ ಚಕ್ರ ಬಿಚ್ಚಿಸಿ ಒಳಗಿನದನ್ನು ನೋಡಲೇಬೇಕು. ಹೊಸ ಪ್ಯಾಡಿನಲ್ಲಿ ಉಜ್ಜೋ ಭಾಗ ಸುಮಾರು 10 ಮಿಲಿಮೀಟರ್ ಇರುತ್ತದೆ. 3ಕ್ಕೆ ಬಂದರೆ ಬದಲಿಸಿ. ಹಿಂದಿನ ಉಕ್ಕಿನ ಪ್ಲೇಟನ್ನು ಸೇರಿಸಿ ಅಳೆಯಬೇಡಿ, ಅಲ್ಲೇ ಎಲ್ಲರೂ ಎಡವೋದು.

ಯಾದಗಿರಿ ಹುಡುಗ

ಪಾನಾ ಅಣ್ಣಾ, ನನ್ನ ಕಾರಲ್ಲೂ ಪ್ಯಾಡ್ ಹಾಕುವುದಿದೆ. ಮನೆಯಲ್ಲೇ ಮಾಡಬಹುದಾ? ಬೈಕಿನದು ನಾನೇ ಹಾಕಿಕೊಳ್ಳುತ್ತೇನೆ. ವಿಡಿಯೋ ನೋಡಿದರೆ ಹತ್ತು ನಿಮಿಷದ ಕೆಲಸ ಅನ್ನಿಸುತ್ತದೆ.

ಪಾನಾ 12

ಮಾಡಬಹುದು, ಹತ್ತು ನಿಮಿಷದಲ್ಲಿ ಅಲ್ಲ. ಮೊದಲ ಸಲ ಅರ್ಧ ದಿನ ಇಟ್ಟುಕೊಳ್ಳಿ. ಬಿಸಿಲು ಏರುವ ಮೊದಲೇ ಶುರು ಮಾಡಿ, ಏಪ್ರಿಲ್‌ನಲ್ಲಿ ಹತ್ತು ಗಂಟೆ ಆದರೆ ನಮ್ಮ ಕಡೆ ಪಾನಾ ಮುಟ್ಟೋಕಾಗಲ್ಲ.

ಗಟ್ಟಿ, ಸಮತಟ್ಟು ನೆಲ ಬೇಕು. ಎರೆ ಮಣ್ಣಿನ ಅಂಗಳದಲ್ಲಿ ಜಾಕ್ ಹಾಕಲೇಬೇಡಿ, ಒಣಗಿದ್ದರೂ ಕುಸಿಯುತ್ತದೆ. ಶಹಾಬಾದ್ ಕಲ್ಲಿನ ಹಾಸಿನ ಮೇಲೂ ಬೇಡ, ಕೆಳಗೆ ಪೊಳ್ಳಿದ್ದರೆ ಕಲ್ಲು ಒಡೆಯುತ್ತದೆ, ಪಾಲಿಶ್ ಕಲ್ಲಾದರೆ ಜಾಕ್ ಜಾರುತ್ತದೆ. ಕಾಂಕ್ರೀಟ್ ಒಳ್ಳೆಯದು. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ನಟ್ ಸಡಿಲ ಮಾಡೋದು ಚಕ್ರ ನೆಲದ ಮೇಲಿರುವಾಗಲೇ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಗಾಡಿಯ ಜೊತೆ ಬರೋ ಜಾಕ್ ಸ್ಟೆಪ್ನಿ ಹಾಕೋಕೆ ಮಾತ್ರ. ಸ್ಟ್ಯಾಂಡ್ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಚಕ್ರ ತೆಗೆದ ಮೇಲೆ ಕ್ಯಾಲಿಪರಿನ ಕೆಳಗಿನ ಬೋಲ್ಟ್ ಬಿಚ್ಚಿ. ಬಹಳಷ್ಟು ಗಾಡಿಯಲ್ಲಿ ಕ್ಯಾಲಿಪರ್ ಮೇಲಕ್ಕೆ ಮಡಚುತ್ತದೆ. ಪೂರ್ತಿ ಬಿಚ್ಚುವುದಾದರೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪೈಪಿನ ಮೇಲೆ ನೇತಾಡಲು ಬಿಡಬೇಡಿ, ಪೈಪ್ ಒಳಗಿಂದ ಸೀಳುತ್ತದೆ, ಹೊರಗೆ ಏನೂ ಕಾಣಲ್ಲ. ಹಳೆ ಪ್ಯಾಡ್ ಯಾವುದು ಎಲ್ಲಿತ್ತು, ಕ್ಲಿಪ್ ಹೇಗೆ ಕೂತಿತ್ತು ಅಂತ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಇನ್ನೊಂದು ಕಡೆಯದು ನೋಡಿಕೊಳ್ಳೋಕೆ ಮಾದರಿಯಾಗುತ್ತದೆ.

ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪೈಪ್ ಹಿಡಿಯಬೇಡಿ. ಆ ಪುಡಿ ಎದೆಗೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಹೊಡೆದು ಹಳೆ ಬಟ್ಟೆಯಿಂದ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಪಿಸ್ಟನ್ ಹಿಂದೆ ತಳ್ಳೋಕೆ ಹಳೆ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲ್ಯಾಂಪ್ ನಿಧಾನ ತಿರುಗಿಸಿ. ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಮೇಲೇರುವ ಆಯಿಲ್ ಮೇಲೆ ಕಣ್ಣಿಡಿ. ಎರಡೂ ಪಿನ್ ಹೊರಗೆಳೆದು, ಒರೆಸಿ, ಬ್ರೇಕಿಗೆಂದೇ ಬರೋ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಬೇರಿಂಗಿಗೆ ಹಾಕೋ ಹಳದಿ ಗ್ರೀಸ್ ಬೇಡ. ಅದಕ್ಕೆ ರಬ್ಬರ್ ಉಬ್ಬಿ, ಪಿನ್ ಮತ್ತೆ ಹಿಡಿಯುತ್ತದೆ. ಸಾಕಷ್ಟು ಗ್ಯಾರೇಜಿನಲ್ಲಿ ಪ್ಯಾಡ್ ಮಾತ್ರ ತುರುಕಿ ಪಿನ್ ಮುಟ್ಟದೆ ಕಳಿಸುತ್ತಾರೆ. ನನಗೆ ಕೋಪ ಬರೋದು ಇಲ್ಲೇ. ಹೊಸ ಪ್ಯಾಡ್ ಹಾಕಿಯೂ ಆರು ತಿಂಗಳಿಗೆ ಅದೇ ಕಥೆ.

ಹೊಸ ಕ್ಲಿಪ್ ಬಂದಿದ್ದರೆ ಹಾಕಿ. ಉಜ್ಜೋ ಮೈಗೆ ಗ್ರೀಸ್ ಕೈ ತಾಗಬಾರದು. ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಿಸಬೇಕು. ಒಂದೇ ಕಡೆ ಹಾಕಿದರೆ ಗಾಡಿ ಎಳೆಯುತ್ತದೆ. ಬೋಲ್ಟುಗಳನ್ನು ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಬಿಗಿಯಿರಿ.

ಇಷ್ಟಾದ ಮೇಲೆ, ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗೋವರೆಗೆ ಒತ್ತಿ ಒತ್ತಿ ಬಿಡಿ. ಪಿಸ್ಟನ್ ಹಿಂದೆ ಹೋಗಿರುತ್ತದೆ, ಮೊದಲ ಕೆಲವು ಸಲ ಪೆಡಲ್ ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ಗೇರ್ ಹಾಕಿದವರು ಮನೆ ಗೋಡೆಗೆ ಗುದ್ದಿದ್ದಾರೆ.

ಡ್ರೈವರ್ ಕಾಕಾ

ತಮ್ಮಾ ಪಾನಾ, ಚೆಂದ ಬರೆದೆ. ಆದರೂ ನಾನು ಒಪ್ಪಲ್ಲ. ಬ್ರೇಕ್ ಕಲಿಯೋ ಕೆಲಸ ಅಲ್ಲ. ಲೈಟ್ ಬದಲಿಸಿ ಕಲೀರಿ, ಏರ್ ಫಿಲ್ಟರ್ ಬದಲಿಸಿ ಕಲೀರಿ. ಹಿಂದೆ ಹೆಂಡತಿ ಮಕ್ಕಳು ಕೂತಿರುತ್ತಾರೆ. ಯಾದಗಿರಿಯವನೇ, ಮೊದಲ ಸಲ ಒಬ್ಬ ಮಿಸ್ತ್ರಿ ಪಕ್ಕದಲ್ಲಿ ನಿಂತಿರಲಿ. ಅವನು ನೋಡಲಿ, ನೀನು ಮಾಡು.

ಟೀಚರ್ ತಂಗಿ, ನೀನು ಗ್ಯಾರೇಜಿಗೇ ಹೋಗು. ಗಾಡಿ ಬಿಟ್ಟು ಬರಬೇಡ, ಅಲ್ಲೇ ನಿಂತುಕೋ. ಚಕ್ರ ಬಿಚ್ಚಿದ ಮೇಲೆ ಒಳಗಿನ ಪ್ಯಾಡ್ ತೋರಿಸು ಅನ್ನು. ಡಿಸ್ಕ್ ಹೋಗಿದೆ ಅಂದರೆ ಅಳತೆ ಹಿಡಿದು ತೋರಿಸು ಅನ್ನು. ಡಿಸ್ಕಿನ ಅಂಚಿನಲ್ಲೋ ನಡುವಿನ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ಅಳತೆ ಅದಕ್ಕಿಂತ ಕಡಿಮೆ ಬಂದರೆ ಬದಲಿಸಲೇಬೇಕು. ಜಾಸ್ತಿ ಇದ್ದು, ಆಳದ ಗೀರು, ಬಿರುಕು ಇಲ್ಲದಿದ್ದರೆ ಹಳೆಯದೇ ನಡೆಯುತ್ತದೆ. ಹಳೆ ಸಾಮಾನು ವಾಪಸ್ ಕೇಳಿ ತಗೋ. ನಾಚಿಕೆ ಏನಿಲ್ಲ, ನಿನ್ನ ಸಾಮಾನು.

ಸೇಡಂ ಸವಾರ

ಡಿಸ್ಕಿಗೆ ಗೀರು ಇದ್ದರೆ ಲೇತ್‌ಗೆ ಕೊಟ್ಟು ಕೆತ್ತಿಸಬಹುದಲ್ಲ? ಹೊಸದಕ್ಕಿಂತ ಅಗ್ಗ.

ಪಾನಾ 12

ಕೆತ್ತಿದ ಮೇಲೂ ಅಚ್ಚಿನಲ್ಲಿರುವ ಅಂಕಿಗಿಂತ ದಪ್ಪ ಉಳಿದರೆ ಮಾತ್ರ. ಸಣ್ಣ ಕಾರಿನ ಡಿಸ್ಕಿನಲ್ಲಿ ಕೆತ್ತೋಕೆ ಜಾಸ್ತಿ ಏನೂ ಇರಲ್ಲ. ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತದೆ. ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಒಂದೇ ಸಮ ಇಲ್ಲ ಅಂತ. ಅದನ್ನು ನೋಡಿಸಿ. ಜಲ್ಲಿ ಮೇಲೆ ಜೋರಾಗಿ ಒತ್ತಿದಾಗ ಪೆಡಲ್ ಮಾತ್ರ ಟಕಟಕ ಅಂದರೆ ಅದು ಎಬಿಎಸ್, ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲಾ ಅದು ಕಡ್ಡಾಯ. ಹೆದರಿ ಕಾಲು ತೆಗೆಯಬೇಡಿ.

ಟೀಚರಮ್ಮ ಕಲಬುರಗಿ

ಬೇರೆ ಗ್ಯಾರೇಜಿಗೆ ಹೋಗಿ ಬಂದೆ. ಕಾಕಾ ಹೇಳಿದ ಹಾಗೆ ಅಲ್ಲೇ ನಿಂತೆ. ಮಿಸ್ತ್ರಿ ಮೊದಲು ಮುಖ ಗಂಟು ಹಾಕಿಕೊಂಡರು. ಆಮೇಲೆ ತಾವೇ ಕರೆದು ಕರೆದು ತೋರಿಸಿದರು.

ಎಡಗಡೆ ಒಳಗಿನ ಪ್ಯಾಡ್ ಹತ್ತಿರ ಹತ್ತಿರ ಎರಡು ಮಿಲಿಮೀಟರ್. ಹೊರಗಿನದು ಆರು. ಬಲಗಡೆ ಎರಡೂ ಸುಮಾರು ಸಮ. ಎಡಗಡೆಯ ಒಂದು ಪಿನ್ ಕೈಯಿಂದ ಎಳೆದರೆ ಬರಲಿಲ್ಲ, ತಿರುಗಿಸಿ ತಿರುಗಿಸಿ ತೆಗೆದರು. ಅದರ ರಬ್ಬರ್ ಹರಿದು ಒಳಗೆ ಮಣ್ಣು ಕೂತಿತ್ತು. ಆ ರಬ್ಬರ್ ಹೊಸದು ಹಾಕಿ, ಪಿನ್ ತೊಳೆದು, ಗ್ರೀಸ್ ಹಚ್ಚಿದರು. ಡಿಸ್ಕ್ ಅಳೆದರು. ಅಚ್ಚಿನ ಅಂಕಿಗಿಂತ ಒಂದು ಮಿಲಿಮೀಟರಿಗೂ ಜಾಸ್ತಿ ಉಳಿದಿತ್ತು, ಬಿಟ್ಟೆವು. ಹಿಂದಿನ ಡ್ರಮ್ ತೆಗೆದು ಲೈನರ್ ನೋಡಿದರು, ಇನ್ನೂ ಬಾಳುತ್ತದಂತೆ. ಒಳಗಿನ ಪುಡಿ ಮಾತ್ರ ಒರೆಸಿದರು. ಪ್ಯಾಡ್ ಹಾಕಿದ ಮೇಲೆ ಆಯಿಲ್ ತಾನೇ ಮೇಲಿನ ಗೆರೆ ಹತ್ತಿರ ಬಂತು. ದೀಪ ಈಗ ಮಿಣುಕುತ್ತಿಲ್ಲ.

ಅಂದರೆ ಮೊದಲನೆಯವರು ಪ್ಯಾಡ್ ವಿಷಯದಲ್ಲಿ ಸರಿಯೇ ಇದ್ದರು. ಉಳಿದದ್ದು ಮಾತ್ರ ಬೇಕಿರಲಿಲ್ಲ.

ಈಗ ಹೊಸ ತೊಂದರೆ. ಬ್ರೇಕ್ ಮೊದಲಿಗಿಂತ ಸ್ವಲ್ಪ ಕಡಿಮೆ ಹಿಡಿದ ಹಾಗಿದೆ. ನಾಳಿದ್ದು ಗಾಣಗಾಪುರಕ್ಕೆ ಹೋಗಬೇಕು.

ಬಿದರಿ ಕುಸುರಿ

ಹೊಸ ಪ್ಯಾಡ್ ಡಿಸ್ಕಿಗೆ ಇನ್ನೂ ಹೊಂದಿಕೊಂಡಿಲ್ಲ. ಹಳೆ ಡಿಸ್ಕ್ ಆದ್ದರಿಂದ ಸ್ವಲ್ಪ ಜಾಸ್ತಿ ಸಮಯ ಬೇಕು. ಬೆಳಗಿನ ಜಾವ ಖಾಲಿ ರಸ್ತೆ ಹಿಡಿಯಿರಿ. ಗಂಟೆಗೆ 60 ಕಿಲೋಮೀಟರ್ ವೇಗದಿಂದ 20ಕ್ಕೆ ಬರೋ ಹಾಗೆ ಹದವಾಗಿ ಒತ್ತಿ, ಪೂರ್ತಿ ನಿಲ್ಲಿಸಬೇಡಿ. ಅರ್ಧ ನಿಮಿಷ ಸುಮ್ಮನೆ ಓಡಿಸಿ, ಆರಲಿ. ಮತ್ತೆ ಹಾಗೇ ಮಾಡಿ. ಹೀಗೆ ಹದಿನೈದು ಇಪ್ಪತ್ತು ಸಲ. ಕಾದ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ಹಿಡಿದು ನಿಲ್ಲಬೇಡಿ. ಮೊದಲ 200–300 ಕಿಲೋಮೀಟರ್ ಜೋರು ಬ್ರೇಕ್ ಬೀಳದ ಹಾಗೆ ಮುಂದಿನ ಗಾಡಿಯಿಂದ ದೂರ ಇರಿ. ಎದುರಿಗೆ ಎಮ್ಮೆ ಬಂದರೆ ಆ ಮಾತು ಬೇರೆ, ಆಗ ಪೂರ್ತಿ ಒತ್ತಿ.

ಇಷ್ಟು ಮಾಡಿದ ಮೇಲೂ ಪೆಡಲ್ ಮೆತ್ತಗಿದ್ದರೆ ಪ್ಯಾಡಿನ ಮಾತಲ್ಲ, ಬ್ರೇಕ್ ಆಯಿಲ್ ಹೋಗೋ ಪೈಪಿನಲ್ಲಿ ಗಾಳಿ ಇದೆ ಅಂತ. ಗಾಣಗಾಪುರಕ್ಕೆ ಬೇರೆ ಗಾಡಿಯಲ್ಲಿ ಹೋಗಿ.

ಡ್ರೈವರ್ ಕಾಕಾ

ಬಿಸಿಲುಗಾಲದ ಒಂದು ಮಾತು. ದೂರ ಓಡಿ ಬಂದ ಕೂಡಲೇ ಚಕ್ರಕ್ಕೆ ತಣ್ಣೀರು ಹಾಕಿ ತೊಳೆಯಬೇಡಿ, ಡಿಸ್ಕ್ ಸೊಟ್ಟಗಾಗಬಹುದು. ಆರಲಿ, ಚಹಾ ಕುಡಿಯಿರಿ, ಆಮೇಲೆ ತೊಳೀರಿ. ಚಿಂಚೋಳಿ ಕೊಂಚಾವರಂ ಕಡೆ ಇಳಿಜಾರು ಬಂದರೆ ಗೇರ್ ಇಳಿಸಿ, ಇಂಜಿನ್ ಗಾಡಿ ಹಿಡಿದುಕೊಳ್ಳಲಿ. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುತ್ತೇನೆ ಅನ್ನೋರು ಆ ದುಡ್ಡನ್ನು ಪ್ಯಾಡಿಗೆ ಕೊಡುತ್ತಾರೆ.

ಬಿದರಿ ಕುಸುರಿ

ಕಾಕಾ ಮಾತಿಗೆ ಸೇರಿಸಿ ಇನ್ನೊಂದು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 3, ಡಾಟ್ 4 ಅಂದರೆ ಆಯಿಲಿನ ದರ್ಜೆಗಳು. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಲ್ಲ, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನೋದು. ಡಬ್ಬಿಯ ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದೇ ಹಾಕಿ. ತೆರೆದು ಅರ್ಧ ಉಳಿದ ಬಾಟಲಿ ಮುಂದಿನ ವರ್ಷಕ್ಕೆ ಅಂತ ಎತ್ತಿಡಬೇಡಿ.

ಎರೆಹೊಲ

ಪ್ಯಾಡ್ ಕಂಪನಿಯದೇ ಬೇಕಾ? ಅಂಗಡಿಯಲ್ಲಿ ಅರ್ಧ ರೇಟಿಗೂ ಸಿಗುತ್ತವೆ.

ಪಾನಾ 12

ಗಾಡಿ ಕಂಪನಿಯ ಡಬ್ಬಿಯೇ ಆಗಬೇಕೆಂದಿಲ್ಲ. ಹೆಸರಿರುವ ಬ್ರೇಕ್ ತಯಾರಕರ ಪ್ಯಾಡ್ ಕಡಿಮೆ ದುಡ್ಡಿಗೆ ಚೆನ್ನಾಗಿಯೇ ಇರುತ್ತವೆ. ಬಿಲ್ ಕೊಡದ, ಹೆಸರೇ ಇಲ್ಲದ ಡಬ್ಬಿ ಮಾತ್ರ ಬೇಡ. ಅಂಥವಲ್ಲಿ ಕೆಲವಕ್ಕೆ ಆ ಕೂಗೋ ತಗಡೇ ಇರಲ್ಲ, ಸವೆದದ್ದು ಗೊತ್ತೇ ಆಗಲ್ಲ. ಕೆಲವು ಎಷ್ಟು ಗಟ್ಟಿ ಅಂದರೆ ಪ್ಯಾಡ್ ಉಳಿದು ಡಿಸ್ಕ್ ಸವೆಯುತ್ತದೆ. ಸೆಟ್ ತೆರೆದು ನಾಲ್ಕೂ ಪ್ಯಾಡ್ ಹಳೆಯದರ ಪಕ್ಕ ಇಟ್ಟು ಆಕಾರ ಹೋಲಿಸಿ ತಗೊಳ್ಳಿ.

ಯಾದಗಿರಿ ಹುಡುಗ

ಕಾಕಾ, ಶಹಾಪುರದ ಮಿಸ್ತ್ರಿ ಒಬ್ಬರು ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ ಅಂದಿದ್ದಾರೆ. ಒಂದು ಅನುಮಾನ. ನನ್ನ ಕಾರಿನಲ್ಲಿ ಹಿಂದೆಯೂ ಡಿಸ್ಕ್ ಇದೆ, ಹ್ಯಾಂಡ್ ಬ್ರೇಕ್ ಬಟನ್ ಒತ್ತೋದು. ಹಿಂದಿನದೂ ಹೀಗೇ ತಳ್ಳೋದಾ?

ಪಾನಾ 12

ಇಲ್ಲ! ಒಳ್ಳೆಯದಾಯಿತು ಕೇಳಿದ್ದು. ಬಟನ್ ಹ್ಯಾಂಡ್ ಬ್ರೇಕ್ ಇದ್ದರೆ ಹಿಂದಿನ ಕ್ಯಾಲಿಪರಿನಲ್ಲಿ ಸಣ್ಣ ಮೋಟಾರ್ ಇರುತ್ತದೆ. ಅದನ್ನು ಸರ್ವಿಸ್ ಮೋಡಿಗೆ ಹಾಕಿ ಹಿಂದೆ ಸರಿಸಬೇಕು, ಬಹಳ ಗಾಡಿಗೆ ಅದಕ್ಕೆ ಗಾಡಿಯ ಕಂಪ್ಯೂಟರಿಗೆ ಜೋಡಿಸೋ ಸ್ಕ್ಯಾನರ್ ಬೇಕು. ಸುಮ್ನೆ ಕ್ಲ್ಯಾಂಪ್ ಹಾಕಿ ಒತ್ತಿದರೆ ಮೋಟಾರ್ ಹಾಳು. ಹಗ್ಗ ಎಳೆಯೋ ಹಳೆ ಥರದ ಹ್ಯಾಂಡ್ ಬ್ರೇಕ್ ಇದ್ದು ಹಿಂದೆ ಡಿಸ್ಕ್ ಇದ್ದರೆ, ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಹಾಕಬೇಕು. ಅದಕ್ಕೆ ಬೇರೆ ಟೂಲ್ ಇದೆ. ನೀನು ಮುಂದಿನದಷ್ಟೇ ಮಾಡು, ಹಿಂದಿನದು ಸ್ಕ್ಯಾನರ್ ಇರೋ ಕಡೆ ಮಾಡಿಸು.

ಯಾದಗಿರಿ ಹುಡುಗ

ಆಯ್ತಣ್ಣಾ. ಹಿಂದಿನದು ಇನ್ನೂ ಆರು ಮಿಲಿಮೀಟರ್ ಇದೆ, ಸರ್ವಿಸಿಗೆ ಬಿಟ್ಟಾಗ ಹೇಳುತ್ತೇನೆ.